ಕಾಫಿ ಕಣದಲ್ಲಿ ಬೂದಿ ಹರಡಿ ಹೆಜ್ಜೆ ತಿದ್ದಿದ್ದು

ಹನ್ನೊಂದು ವರ್ಷ ಕರಾಟೆ ಕಲಿಸಿದ ಮೇಲೂ ಜೆನ್‌ಕುತ್ಸು ದಾಚಿಯಲ್ಲಿ, ಅಂದರೆ ಮುಂದಿನ ಮಂಡಿ ಬಾಗಿಸಿ ಹಿಂದಿನ ಕಾಲು ಚಾಚಿ ನಿಲ್ಲುವ ನಿಲುವಿನಲ್ಲಿ, ಹೆಜ್ಜೆ ಮುಂದಿಡುವಾಗ ನನ್ನ ತಲೆ ಏಳುತ್ತಿತ್ತು. ಹಿಂದಿನ ಕಾಲು ಮಧ್ಯಕ್ಕೆ ಬಂದಾಗ ಎರಡು ಅಂಗುಲ ಮೇಲೆ, ಮತ್ತೆ ಕೆಳಗೆ. ನಾನು ಬರುತ್ತಿರುವುದು ಎದುರಾಳಿಗೆ ಅಷ್ಟರಲ್ಲೇ ತಿಳಿದುಬಿಡುತ್ತಿತ್ತು. ‘ಬೂದಿಯಲ್ಲಿ ಹೆಜ್ಜೆ ನೋಡುವುದು ಮಕ್ಕಳಾಟ, ಇನ್ನೂ ಸಾವಿರ ಸಲ ನಡೆ’ ಎಂದಿದ್ದ ಹಿರಿಯರೊಬ್ಬರು ಈಗ ತಮ್ಮ ಶಿಷ್ಯರನ್ನೇ ವಿರಾಜಪೇಟೆಯಿಂದ ನಮ್ಮ ಕಣಕ್ಕೆ ಕಳುಹಿಸುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡು ಕಳೆದ ಕಥೆ. ಕರಿಮೆಣಸು ಮಾರಿದ ಹಣದಲ್ಲಿ ಸುಮಾರು 38 ಸಾವಿರ ಕೊಟ್ಟು ಮ್ಯಾಟ್ ತರಿಸಿದೆ. ಮೆತ್ತಗಿನ ಮ್ಯಾಟ್‌ನಲ್ಲಿ ಹೆಬ್ಬೆರಳು ಹೂತುಕೊಂಡು ಪಾದ ಜಾರುವುದೇ ಇಲ್ಲ, ಎತ್ತಿಯೇ ಇಡಬೇಕು. ಒಂದೇ ಮಳೆಗಾಲದಲ್ಲಿ ಬೂಸ್ಟು ಹಿಡಿದು ಅರ್ಧದಷ್ಟು ಹಾಳಾಯಿತು. ಕಾಲಿಗೆ ಕಟ್ಟುವ ತೂಕಕ್ಕೆ ಮತ್ತೆ 1,200 ಹೋಯಿತು. ಮೂರು ವಾರಕ್ಕೆ ಬಲಮಂಡಿ ಊದಿತು. ನಾಟಿಯ ಸಮಯದಲ್ಲಿ ಹುಡುಗರನ್ನು ಕೆಸರು ಗದ್ದೆಗೂ ಇಳಿಸಿದೆ. ಕಾಲಿಗೆ ಬಲವೇನೋ ಬಂತು. ಆದರೆ ಕೆಸರಿನಿಂದ ಪಾದ ಕೀಳಲು ಮಂಡಿ ಎತ್ತಲೇಬೇಕು, ತಲೆ ಇನ್ನಷ್ಟು ಕುಣಿಯಿತು.

ಏಪ್ರಿಲ್‌ನಲ್ಲಿ ಕಾಫಿ ಒಣಗಿಸಿ ಮುಗಿದು ಕಣ ಖಾಲಿಯಾಗಿತ್ತು. ಒಲೆಯ ಬೂದಿಯನ್ನು ಬಟ್ಟೆಯಲ್ಲಿ ಸೋಸಿ ಸಿಮೆಂಟಿನ ಮೇಲೆ ತೆಳ್ಳಗೆ ಹರಡಿದೆ. ರಂಗೋಲಿ ಪುಡಿ ತರಿತರಿಯಾಗಿ ಜಾರಿಸುತ್ತದೆ, ಬೇಡ. ನಿಲುವಿನಲ್ಲಿ ಕುಳಿತಾಗಿನ ತಲೆಯ ಎತ್ತರಕ್ಕೆ ನೈಲಾನ್ ಹಗ್ಗ ಕಟ್ಟಿ ಅದರಡಿಯಲ್ಲಿ ನಡೆದೆ.

ಬೂದಿ ಎಲ್ಲವನ್ನೂ ಹೇಳಿಬಿಟ್ಟಿತು. ಹಿಂದಿನ ಕಾಲು ಒಳಗೆ ಬಾಗಿ ಹೊರಗೆ ಹೋಗುವ ಗೆರೆ ನಡುವೆ ಒಂದು ಗೇಣು ಕಡಿದಿತ್ತು. ಅಂದರೆ ಅಲ್ಲಿ ನಾನು ಪಾದ ಎತ್ತಿದ್ದೆ. ಊರಿದ ಪಾದದ ಹಿಮ್ಮಡಿಯ ಪಕ್ಕದಲ್ಲಿ ಬೂದಿ ಸಣ್ಣ ಗುಪ್ಪೆಯಾಗಿತ್ತು. ಹೆಜ್ಜೆ ಹೊರಡುವ ಮುಂಚೆಯೇ ಆ ಪಾದವನ್ನು ಹೊರಕ್ಕೆ ತಿರುಗಿಸಿದ್ದೆ. ಹನ್ನೊಂದು ವರ್ಷ ಕನ್ನಡಿ ತೋರಿಸದ ತಪ್ಪು ಅದು.

ಮೂಲ ಇದ್ದದ್ದು ಕಣಕಾಲಿನಲ್ಲಿ. ಹಿಂದಿನ ಕಾಲಿನಿಂದ ತಳ್ಳುವುದನ್ನು ಬಿಟ್ಟು, ಊರಿದ ಹಿಮ್ಮಡಿಯಿಂದ ನೆಲವನ್ನೇ ನನ್ನತ್ತ ಎಳೆದುಕೊಳ್ಳುವ ಹಾಗೆ ಹೊರಟೆ. ಇನ್ನೊಂದು ಪಾದ ಪಕ್ಕಕ್ಕೆ ಬಂದು ದಾಟುವವರೆಗೆ ಊರಿದ ಕಾಲಿನ ಕಣಕಾಲಿನ ಬಾಗು ಬಿಡಬಾರದು, ಮಂಡಿ ಬೆರಳುಗಳ ಮೇಲೇ ಇರಬೇಕು. ದಿನಕ್ಕೆ 200ರಷ್ಟು ಹೆಜ್ಜೆ, ಸುಮಾರು ಏಳು ವಾರ. ಒಂದು ಬೆಳಿಗ್ಗೆ ಕಣದ ಆ ತುದಿಯವರೆಗೂ ಗೆರೆ ಎಲ್ಲೂ ಕಡಿಯಲಿಲ್ಲ, ಹಗ್ಗ ಅಲುಗಲಿಲ್ಲ. ಮನೆಯವಳನ್ನು ಕರೆದು ತೋರಿಸಿದೆ. ಹೊರಡುವ ಕ್ಷಣದಲ್ಲಿ ಉಸಿರನ್ನು ಎಲ್ಲಿ ಹಿಡಿಯಬೇಕು ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಕಣಕ್ಕೆ ಬಂದವರಿಗೆ ತೋರಿಸುತ್ತೇನೆ.

ಆ ವರ್ಷ ಕೊಡವರ ಸುಗ್ಗಿ ಹಬ್ಬ ಪುತ್ತರಿಯಲ್ಲಿ ಊರಿನ ಮೈದಾನವಾದ ಮಂದ್‌ಗೆ ಹೋದಾಗ, ಬೆತ್ತದಲ್ಲಿ ಕಾದಾಡುವ ಪರಿಯಕಳಿ ಆಡುವವರ ಕಾಲನ್ನೇ ನೋಡುತ್ತ ನಿಂತೆ. ಬೆತ್ತದ ಏಟು ಮಂಡಿಯ ಕೆಳಗೇ ಬೀಳಬೇಕೆಂಬ ನಿಯಮ ಇರುವುದರಿಂದ ಕಾಲೇ ಗುರಿ. ಪಳಗಿದ ಹಿರಿಯರು ಸುತ್ತುವಾಗ ಕಾಲಿಗೆ ಕಾಲು ಅಡ್ಡ ಹಾಕುತ್ತಿರಲಿಲ್ಲ, ಒಂದು ಸರಿದರೆ ಇನ್ನೊಂದು ಅದೇ ಅಳತೆಗೆ ಸರಿಯುತ್ತಿತ್ತು. ನಮ್ಮ ಕರಾಟೆಯ ‘ಯೋರಿ ಆಶಿ’ ಹೆಜ್ಜೆಯೇ! ಹುಡುಗರ ಕೈಗೆ ತೆಳು ಬೆತ್ತ ಕೊಟ್ಟು ಅಭ್ಯಾಸ ಮಾಡಿಸಿದೆ. ಕುಮಿತೆಯಲ್ಲಿ, ಅಂದರೆ ಎದುರಾಳಿಯೊಂದಿಗಿನ ಕಾದಾಟದಲ್ಲಿ, ಅವರ ಪಾದ ಚುರುಕಾಯಿತು, ಆದರೆ ನಿಲುವು ಮೇಲೆದ್ದಿತು. ಹಾಗಾಗಿ ವಾರಕ್ಕೆ ಒಂದೇ ದಿನ ಬೆತ್ತ.

ಈಗ 18 ಮಕ್ಕಳಲ್ಲಿ 13–14 ಮಂದಿ ಹಗ್ಗ ತಾಗದೆ ಹೇಯಾನ್ ಶೋದಾನ್ ಎಂಬ ಕತಾ (ನಿಗದಿತ ಚಲನೆಗಳ ಸರಣಿ) ಮುಗಿಸುತ್ತಾರೆ. ಟೆಕ್ಕಿ ಶೋದಾನ್ ಎಂಬ ಇನ್ನೊಂದು ಕತಾದಲ್ಲಿ ಕಾಲು ಅಡ್ಡ ದಾಟುವಾಗ ಹಲವರ ತಲೆ ಇನ್ನೂ ಹಗ್ಗಕ್ಕೆ ತಾಗುತ್ತದೆ. ಜೂನ್‌ನಿಂದ ಕಣ ಒದ್ದೆ. ಗೋದಾಮಿನಲ್ಲಿ ಚೀಲಗಳನ್ನು ಒಂದು ಪಕ್ಕಕ್ಕೆ ಒಟ್ಟಿ, ಎಂಟು ಹೆಜ್ಜೆಗೆ ಸಾಕಾಗುವಷ್ಟು ಜಾಗ ಮಾಡಿಕೊಂಡು ಬೂದಿ ಹರಡಿದ್ದೇನೆ.