ಪೊಜ್ಜೊ ಬರೆದ ಹಾಗೆ ಬರೆಯಲು ಕಲಿತೆ

ಹೈಸ್ಕೂಲಿನಲ್ಲಿ ನಾವೆಲ್ಲ ಇದನ್ನು ಬಾಯಿಪಾಠ ಮಾಡಿದ್ದೇವೆ. 1453ರಲ್ಲಿ ತುರ್ಕರು ಕಾನ್‌ಸ್ಟಾಂಟಿನೋಪಲ್ ಗೆದ್ದರು. ಅಲ್ಲಿನ ವಿದ್ವಾಂಸರು ಗ್ರೀಕ್ ಹಸ್ತಪ್ರತಿಗಳನ್ನು ಹೊತ್ತುಕೊಂಡು ಇಟಲಿಗೆ ಬಂದರು. ಪುನರುಜ್ಜೀವನ ಶುರುವಾಯಿತು. ಪರೀಕ್ಷೆಗೆ ಇಷ್ಟು ಸಾಕು. ಆದರೆ ನಾನು ಅಕ್ಷರ ಬರೆದು ಬದುಕುವವನು. ಲಗ್ನಪತ್ರಿಕೆ, ಪ್ರಮಾಣಪತ್ರ, ಅಂಗಡಿ ಬೋರ್ಡು ನನ್ನ ಕೆಲಸ. ನನ್ನ ಕಡೆಯಿಂದ ನೋಡಿದರೆ ಆ ಕಥೆ ಐವತ್ತು ವರ್ಷ ಮೊದಲೇ ಶುರುವಾಗಿತ್ತು. ಫ್ಲಾರೆನ್ಸಿನಲ್ಲಿ ಇಪ್ಪತ್ತು ದಾಟಿದ ಒಬ್ಬ ಹುಡುಗ ಹೊಸ ಥರ ಅಕ್ಷರ ಬರೆಯಲು ಕೂತ. ಅವನ ಹೆಸರು ಪೊಜ್ಜೊ ಬ್ರಾಚ್ಚೊಲೀನಿ. ನಾವು ಇವತ್ತು ಫೋನಿನಲ್ಲಿ, ಪೇಪರಿನಲ್ಲಿ ಓದುವ ಇಂಗ್ಲಿಷ್ ಸಣ್ಣಕ್ಷರಗಳ ಮೂಲ ಅವನ ಮತ್ತು ಅವನ ಗೆಳೆಯರ ಕೈಬರಹದಲ್ಲಿದೆ.

ಆ ಕೈಬರಹವನ್ನು ನಾನು ಕಲಿತೆ. ಗರಿ ಕೆತ್ತಿ, ಮಸಿ ಮಾಡಿ, ಹಾಳೆಗೆ ಗೀರು ಹಾಕಿ, ಅವರು ಮಾಡಿದ ಹಾಗೇ ಮಾಡಿ ಕಲಿತೆ.

ಮೊದಲು, ಅವರಿಗೆ ಹೊಸ ಅಕ್ಷರ ಯಾಕೆ ಬೇಕಾಯಿತು ಅನ್ನುವುದು. ಆಗ ಚಾಲ್ತಿಯಲ್ಲಿ ಇದ್ದಿದ್ದು ಗಾಥಿಕ್ ಬರವಣಿಗೆ. ಚರ್ಮದ ಹಾಳೆ ದುಬಾರಿ, ಜಾಗ ಉಳಿಸಬೇಕು. ಹಾಗಾಗಿ ಅಕ್ಷರಗಳು ಒತ್ತೊತ್ತಾಗಿ ನಿಲ್ಲುತ್ತವೆ, ಒಂದರ ಹೊಟ್ಟೆ ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ, ಪದಗಳನ್ನು ಅರ್ಧಕ್ಕೆ ಮೊಟಕು ಮಾಡಿ ತಲೆ ಮೇಲೆ ಗೆರೆ ಎಳೆದಿರುತ್ತಾರೆ. ದೂರದಿಂದ ನೋಡಲು ಬಲು ಚೆಂದ. ಹತ್ತಿರ ಕೂತು ಓದಿದರೆ ಕಣ್ಣು ಸೋಲುತ್ತದೆ. ಇದು ನನ್ನ ಮಾತು ಮಾತ್ರ ಅಲ್ಲ, ಕವಿ ಪೆಟ್ರಾರ್ಕ್ 1366ರಲ್ಲಿ ಗೆಳೆಯ ಬೊಕಾಚ್ಚೊಗೆ ಬರೆದ ಪತ್ರದಲ್ಲಿ ಇದೇ ದೂರು ಇದೆ. ಫ್ಲಾರೆನ್ಸ್ ಸರ್ಕಾರದ ಚಾನ್ಸೆಲರ್ ಆಗಿದ್ದ ಕೊಲೂಚ್ಚೊ ಸಲುತಾತಿಗೆ ವಯಸ್ಸಾದಂತೆ ಕಣ್ಣು ಮಂಜಾಯಿತು. ಪುಸ್ತಕ ತರಿಸುವಾಗ ಹಳೇ ಅಕ್ಷರದಲ್ಲಿ ಬರೆದದ್ದೇ ಬೇಕು ಅಂತ ಕೇಳುತ್ತಿದ್ದರು. ಅದೇ ಸಲುತಾತಿಯ ಒಂದು ಕೃತಿಯನ್ನು ಪೊಜ್ಜೊ 1402–03ರ ಹೊತ್ತಿಗೆ ಬರೆದುಕೊಟ್ಟ ಪ್ರತಿಯೇ ಹೊಸ ಲಿಪಿಯ ಮೊದಲ ಮಾದರಿಗಳಲ್ಲಿ ಒಂದು. ಅದು ಈಗಲೂ ಫ್ಲಾರೆನ್ಸಿನ ಲಾರೆಂಜಿಯಾನ ಗ್ರಂಥಾಲಯದಲ್ಲಿದೆ.

ಹಳೇ ಅಕ್ಷರ ಅಂದರೆ ಯಾವುದು? ಪ್ರಾಚೀನ ರೋಮಿನ ಲೇಖಕರಾದ ಸಿಸೆರೊ, ವರ್ಜಿಲ್ ಇವರ ಕೃತಿಗಳ ಹಳೆಯ ಪ್ರತಿಗಳು ಮಠಗಳಲ್ಲಿ ಸಿಗುತ್ತಿದ್ದವು. ಅವುಗಳ ಅಕ್ಷರ ಬಿಡಿಬಿಡಿಯಾಗಿ, ದುಂಡಗೆ, ತಿಳಿಯಾಗಿ ಇತ್ತು. ಪೊಜ್ಜೊ ಮತ್ತು ಗೆಳೆಯರು ಅದನ್ನೇ ಮಾದರಿ ಮಾಡಿಕೊಂಡರು. ನಿಜದಲ್ಲಿ ಅದು ರೋಮನ್ನರ ಕಾಲದ್ದಲ್ಲ. ಕ್ರಿ.ಶ. 800ರ ಸುಮಾರಿಗೆ ಚಕ್ರವರ್ತಿ ಶಾರ್ಲಮೇನ್ ಆಳ್ವಿಕೆಯಲ್ಲಿ ರೂಪುಗೊಂಡು, ಮುಂದೆ ಮೂರು–ನಾಲ್ಕು ಶತಮಾನ ಚಾಲ್ತಿಯಲ್ಲಿದ್ದ ಬರವಣಿಗೆ. ಇದರಿಂದ ಅವರ ಕೆಲಸದ ಬೆಲೆ ನನಗೆ ಒಂಚೂರೂ ಕಡಿಮೆಯಾಗಿ ಕಾಣುವುದಿಲ್ಲ. ಓದುವವನ ಕಣ್ಣಿಗೆ ಯಾವುದು ಹಿತ ಅನ್ನುವುದನ್ನು ಅವರು ಸರಿಯಾಗೇ ಗುರುತಿಸಿದ್ದರು.

ಕಲಿಯಲು ಶುರು ಮಾಡಿದಾಗ ನಾನು ಮೊದಲು ಎರಡೂ ಲಿಪಿಯಲ್ಲಿ ಒಂದೇ ಸಾಲು ಬರೆದೆ. ಆರಿಸಿಕೊಂಡಿದ್ದು ಪ್ರಾಚೀನ ರೋಮಿನ ಕವಿ ಲುಕ್ರೀಷಿಯಸ್ ಕಾವ್ಯದ ಮೊದಲ ಸಾಲು. ವೀನಸ್ ದೇವತೆಯ ಸ್ತುತಿ: 'ಐನೆಯಾದುಮ್ ಗೆನೆತ್ರಿಕ್ಸ್, ಹೊಮಿನುಮ್ ದಿವೋಮ್‌ಕ್ವೆ ವೊಲುಪ್ತಾಸ್'. ಇದರಲ್ಲಿ 'ಹೊಮಿನುಮ್' ಅನ್ನುವ ಪದ ನೋಡಿ. ಹೆಚ್, ಓ ಆದ ಮೇಲೆ ಎಮ್, ಐ, ಎನ್, ಯು, ಎಮ್ ಬರುತ್ತವೆ. ಗಾಥಿಕ್‌ನಲ್ಲಿ ಈ ಐದೂ ಅಕ್ಷರ ನೆಟ್ಟಗೆ ನಿಂತ ಗಿಡ್ಡ ಕಡ್ಡಿಗಳಿಂದಲೇ ಆಗುತ್ತವೆ. ಎಮ್‌ಗೆ ಮೂರು, ಐಗೆ ಒಂದು, ಎನ್‌ಗೆ ಎರಡು, ಯುಗೆ ಎರಡು, ಮತ್ತೆ ಎಮ್‌ಗೆ ಮೂರು. ಒಟ್ಟು 11 ಕಡ್ಡಿ, ಎಲ್ಲ ಒಂದೇ ಎತ್ತರ, ಒಂದೇ ದಪ್ಪ, ನಡುವೆ ಒಂದೇ ಅಂತರ. ಎಲ್ಲಿ ಎನ್ ಮುಗಿದು ಯು ಶುರುವಾಯಿತು ಅಂತ ಎಣಿಸಿಯೇ ಹೇಳಬೇಕು. ಅದೇ ಪದವನ್ನು ಪೊಜ್ಜೊ ರೀತಿಯಲ್ಲಿ ಬರೆದಾಗ ಎಮ್, ಎನ್‌ಗಳ ಕಮಾನು ಮೇಲೆ ದುಂಡಗೆ ಎದ್ದು ಕಾಣುತ್ತದೆ. ಯು ಕೆಳಗಡೆ ಕೂಡುತ್ತದೆ. ಐ ಒಂಟಿಯಾಗಿ ನಿಲ್ಲುತ್ತದೆ. ಕಣ್ಣು ಎಣಿಸುವುದಿಲ್ಲ, ಸುಮ್ನೆ ಓದುತ್ತದೆ. ಎರಡು ಹಾಳೆಯನ್ನೂ ಪಕ್ಕಪಕ್ಕ ಇಟ್ಟಾಗ ಪೆಟ್ರಾರ್ಕ್ ಯಾಕೆ ಅಷ್ಟು ಗೊಣಗಿದ ಅಂತ ನನಗೆ ಅರ್ಥವಾಯಿತು.

ಇನ್ನು ಸಾಮಾನು. ಅವರು ಬಳಸಿದ ಮಸಿಗೆ ಬೇಕಾದದ್ದೆಲ್ಲ ನಮ್ಮ ಗ್ರಂಥಿಗೆ ಅಂಗಡಿಯಲ್ಲೇ ಸಿಗುತ್ತದೆ. ಮಾಚಿಕಾಯಿ, ಅನ್ನಭೇದಿ ಅನ್ನುವ ಕಬ್ಬಿಣದ ಲವಣ, ಜಾಲಿಮರದ ಅಂಟು. ಮಾಚಿಕಾಯಿ ಹೆಸರಿಗೆ ಕಾಯಿ. ಓಕ್ ಮರದ ಚಿಗುರಿನಲ್ಲಿ ಒಂದು ಸಣ್ಣ ಕಣಜ ಮೊಟ್ಟೆ ಇಟ್ಟಾಗ ಅದರ ಸುತ್ತ ಬೆಳೆಯುವ ಗಂಟು ಅದು. ಅಷ್ಟೊಂದು ಮಾಚಿಕಾಯಿ ಕೇಳಿದ್ದಕ್ಕೆ ಅಂಗಡಿಯವರು "ಎಷ್ಟು ತಿಂಗಳ ಮಗು ಸರ್? ಇಷ್ಟೆಲ್ಲ ಬೇಡ, ಒಂದು ಸಾಕು, ತೇಯ್ದು ನೆಕ್ಕಿಸಿ" ಅಂದರು. ಮಸಿಗೆ ಅಂತ ಹೇಳಿದಾಗ ಅವರಿಗೆ ಖುಷಿಯಾಯಿತು. ಅವರ ಅಜ್ಜ ಲೆಕ್ಕದ ಪುಸ್ತಕಕ್ಕೆ ಮನೆಯಲ್ಲೇ ಮಸಿ ಮಾಡುತ್ತಿದ್ದರಂತೆ.

ನಾನು ಹಿಡಿದ ಅಳತೆ ಹಳೇ ಕಾಲದ ಲಿಪಿಕಾರರಲ್ಲಿ ಬಳಕೆಯಲ್ಲಿದ್ದದ್ದು: ತೂಕದಲ್ಲಿ ಮಾಚಿಕಾಯಿ ಮೂರು ಪಾಲು, ಅನ್ನಭೇದಿ ಎರಡು, ಅಂಟು ಒಂದು. ಮಾಚಿಕಾಯಿಯನ್ನು ಕಲ್ಲಿನಲ್ಲಿ ಜಜ್ಜಿ ನೀರಿನಲ್ಲಿ ಕೆಲವು ದಿನ ನೆನೆಸಿಟ್ಟೆ. ಬಟ್ಟೆಯಲ್ಲಿ ಸೋಸಿದಾಗ ಕಂದು ಬಣ್ಣದ ಕಷಾಯ ಬಂತು. ಅದಕ್ಕೆ ಅನ್ನಭೇದಿ ಹಾಕಿದ ಕೂಡಲೇ ಬಣ್ಣ ಕಪ್ಪಿಗೆ ತಿರುಗುತ್ತದೆ. ಮಾಚಿಕಾಯಿಯ ಒಗರು ಅಂಶ, ಅನ್ನಭೇದಿಯ ಕಬ್ಬಿಣ ಎರಡೂ ಸೇರಿ ಆಗುವ ಕಪ್ಪು ಅದು. ಅಂಟು ಹಾಕುವುದು ಮಸಿ ಗರಿಯಿಂದ ಒಮ್ಮೆಲೇ ಹರಿದು ಹೋಗದಿರಲಿ ಅಂತ. ಗಾಜಿನ ಭರಣಿಯಲ್ಲೇ ಮಾಡಬೇಕು, ಲೋಹದ ಪಾತ್ರೆ ಬೇಡ. ಅನ್ನಭೇದಿ ಜಾಸ್ತಿಯಾದರೆ ವರ್ಷಗಳು ಕಳೆದಂತೆ ಮಸಿ ಹಾಳೆಯನ್ನೇ ತಿನ್ನುತ್ತದೆ. ಯೂರೋಪಿನ ಎಷ್ಟೋ ಹಸ್ತಪ್ರತಿಗಳಲ್ಲಿ ಅಕ್ಷರ ಇದ್ದ ಕಡೆ ತೂತು ಬಿದ್ದಿರುವುದು ಇದರಿಂದಲೇ.

ಈ ಮಸಿಯ ಒಂದು ಗುಣ ನನಗೆ ತುಂಬ ಇಷ್ಟ. ಬರೆಯುವಾಗ ತೆಳು ಬೂದು ಬಣ್ಣ. ಗಾಳಿ ತಾಗಿದಂತೆ ಕಪ್ಪಾಗುತ್ತಾ ಹೋಗುತ್ತದೆ. ಪುಟದ ಕೊನೆಗೆ ಬರುವ ಹೊತ್ತಿಗೆ ಮೇಲಿನ ಸಾಲುಗಳು ಗಾಢವಾಗಿರುತ್ತವೆ, ಕೆಳಗಿನವು ಇನ್ನೂ ಮಸುಕು.

ಗರಿ ಹೆಬ್ಬಾತಿನದು. ಬಲಗೈಯಲ್ಲಿ ಬರೆಯುವವರಿಗೆ ಎಡರೆಕ್ಕೆಯ ಗರಿ ಒಳ್ಳೆಯದು, ಅದರ ಬಾಗು ಕೈಯಿಂದ ಆಚೆಗಿರುತ್ತದೆ. ಪಕ್ಕದ ಎಳೆಗಳನ್ನೆಲ್ಲ ಕಿತ್ತು, ರಾತ್ರಿ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಬಿಸಿ ಮರಳಿನಲ್ಲಿ ಚುಚ್ಚಿ ಗಟ್ಟಿ ಮಾಡಿದೆ. ಮೊದಲು ಉದ್ದಕ್ಕೆ ಓರೆ ಕಡಿತ, ಆಮೇಲೆ ನಡುವೆ ಸೀಳು, ಎರಡು ಪಕ್ಕ ಕೆತ್ತಿ ಭುಜ, ಕೊನೆಗೆ ಮೂತಿಯನ್ನು ಗಾಜಿನ ಮೇಲೆ ಇಟ್ಟು ಒಂದೇ ಒತ್ತಿಗೆ ಚಪ್ಪಟೆಯಾಗಿ ಕತ್ತರಿಸುವುದು. ಚಾಕು ಬಲು ಹರಿತ ಇರಬೇಕು. ಮೂತಿ ಸವೆದಾಗೆಲ್ಲ ಮತ್ತೆ ಕೆತ್ತಬೇಕು.

ಹಾಳೆಗೆ ಗೆರೆ ಹಾಕುವುದರಲ್ಲೂ ಅವರು ಹಳಬರನ್ನೇ ಹಿಂಬಾಲಿಸಿದರು. ಮಸಿಯಲ್ಲೋ ಸೀಸದಲ್ಲೋ ಗೆರೆ ಎಳೆಯುವ ಬದಲು ಮೊಂಡು ಮೊನೆಯಿಂದ ಒತ್ತಿ ಗೀರುತ್ತಿದ್ದರು. ಒಂದು ಮಗ್ಗುಲಲ್ಲಿ ತಗ್ಗು, ಇನ್ನೊಂದರಲ್ಲಿ ಉಬ್ಬು. ಪುಟದಲ್ಲಿ ಗೆರೆ ಕಾಣುವುದೇ ಇಲ್ಲ, ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಗೊತ್ತಾಗುತ್ತದೆ. ನಾನು ಹತ್ತಿಯ ಕೈಕಾಗದದ ಮೇಲೆ ಮೂಳೆಯ ಮೊನೆಯಿಂದ ಹೀಗೇ ಮಾಡಿದೆ. ಅಂಚು ಬಿಟ್ಟ ಜಾಗವೂ ಧಾರಾಳ. ಗಾಥಿಕ್ ಪುಟದ ಇಕ್ಕಟ್ಟು ಕಂಡ ಕಣ್ಣಿಗೆ ಇದು ಹೊಸ ಗಾಳಿ ಬಂದ ಕೋಣೆಯ ಹಾಗೆ.

ಬರೆಯುವ ಕ್ರಮ ಹೀಗೆ. ಗರಿಯ ಮೂತಿಯನ್ನು ಗೆರೆಗೆ ಸುಮಾರು 30 ಡಿಗ್ರಿ ಓರೆಯಲ್ಲಿ ಹಿಡಿಯಬೇಕು, ಆ ಓರೆ ಬದಲಾಗಬಾರದು. ಅಕ್ಷರದ ಎತ್ತರ ಮೂತಿಯ ಅಗಲದ ಐದರಷ್ಟು. ಡಿ ಅಕ್ಷರದ ಬೆನ್ನು ನೆಟ್ಟಗೆ ನಿಲ್ಲಬೇಕು, ಗಾಥಿಕ್‌ನ ಹಾಗೆ ಎಡಕ್ಕೆ ಬಾಗಬಾರದು. ಎಸ್ ಉದ್ದವಾಗಿರುತ್ತದೆ, ಪದದ ಕೊನೆಯಲ್ಲೂ ಉದ್ದವೇ. ಸಿ ಮತ್ತು ಟಿ ಪಕ್ಕ ಬಂದರೆ ಮೇಲೊಂದು ಸಣ್ಣ ಸೇತುವೆ. ಮೊಟಕು ಮಾಡುವುದು ತೀರಾ ಕಡಿಮೆ. ಅಕ್ಷರ ಅಕ್ಷರದ ನಡುವೆ ಉಳಿಯುವ ಬಿಳಿ ಜಾಗ, ಅಕ್ಷರದ ಒಳಗಿನ ಬಿಳಿ ಜಾಗ ಎರಡೂ ತೂಗಬೇಕು. ಕನ್ನಡ ಬರೆಯುವಾಗ ಒತ್ತಕ್ಷರಕ್ಕೆ ಜಾಗ ಬಿಡುವ ಅಭ್ಯಾಸ ನನ್ನ ಕೈಗಿತ್ತು. ಇಲ್ಲಿ ಕೆಳಗಲ್ಲ, ಪಕ್ಕಕ್ಕೆ ಜಾಗ ಅಳೆಯಬೇಕು. ಕೈಗೆ ಅದು ಒಗ್ಗಲು ಜಾಸ್ತಿ ಸಮಯ ಬೇಕಾಯಿತು.

ದೊಡ್ಡಕ್ಷರದ ಕಥೆ ಬೇರೆ, ನನಗೆ ಎಲ್ಲಕ್ಕಿಂತ ಸ್ವಾರಸ್ಯ ಕಂಡದ್ದು ಇಲ್ಲೇ. ಅವುಗಳಿಗೆ ಮಾದರಿ ರೋಮಿನ ಕಲ್ಲುಗಳು. ಕ್ರಿ.ಶ. 113ರ ಟ್ರಾಜನ್ ಸ್ತಂಭದ ಬುಡದಲ್ಲಿರುವ ಶಾಸನ ನೋಡಿದರೆ ಗೊತ್ತಾಗುತ್ತದೆ, ಆ ಅಕ್ಷರಗಳನ್ನು ಮೀರಿಸಿದವರು ಇಲ್ಲ. ಪೊಜ್ಜೊ ರೋಮಿನಲ್ಲಿ ಪೋಪರ ಕಚೇರಿಯಲ್ಲಿದ್ದಾಗ ಇಂಥ ಶಾಸನಗಳನ್ನು ಹುಡುಕಿ ಬರೆದುಕೊಳ್ಳುತ್ತಿದ್ದ. ನಮ್ಮಲ್ಲಿ ಹಳ್ಳಿ ಹಳ್ಳಿ ತಿರುಗಿ ಶಾಸನದ ಅಚ್ಚು ತೆಗೆಯುವವರನ್ನು ಕಂಡವರಿಗೆ ಆ ಹುಚ್ಚು ಏನಂತ ಗೊತ್ತಿರುತ್ತದೆ. ಈಗ ಯೋಚಿಸಿ. ದೊಡ್ಡಕ್ಷರ ಉಳಿಯಲ್ಲಿ ಕೆತ್ತಿದ ಕಲ್ಲಿನಿಂದ ಬಂದದ್ದು, ಸಣ್ಣಕ್ಷರ ಅದಕ್ಕಿಂತ ಏಳು ಶತಮಾನ ಆಮೇಲಿನ ಗರಿಯಿಂದ ಬಂದದ್ದು. ಎರಡೂ ಒಂದೇ ಸಾಲಿನಲ್ಲಿ ಜಗಳವಾಡದೆ ಕೂರಬೇಕು. ನಾನು ಬರೆದಾಗ ದೊಡ್ಡಕ್ಷರ ಪೂರ್ತಿ ಎತ್ತರಕ್ಕೆ ಹೋದರೆ ಸಾಲು ಒಡೆದ ಹಾಗೆ ಕಾಣುತ್ತಿತ್ತು. ಅದನ್ನು ಸಣ್ಣ ಎಲ್ ಅಕ್ಷರದ ತುದಿಗಿಂತ ಸ್ವಲ್ಪ ಗಿಡ್ಡ ಮಾಡಿ, ಸಣ್ಣಕ್ಷರದ ಕಾಲಿಗೂ ಪುಟ್ಟ ಪಾದ ಕೊಟ್ಟಾಗ ಎರಡೂ ಹೊಂದಿಕೊಂಡವು.

ಪೊಜ್ಜೊ ಬರೀ ಲಿಪಿಕಾರ ಅಲ್ಲ. ಕಾನ್‌ಸ್ಟನ್ಸ್ ಊರಿನಲ್ಲಿ 1414ರಿಂದ 1418ರವರೆಗೆ ಚರ್ಚಿನ ಮಹಾಸಭೆ ನಡೆಯಿತು. ಅವನು ಸೇವೆ ಮಾಡುತ್ತಿದ್ದ ಪೋಪ್ 1415ರಲ್ಲಿ ಪದವಿ ಕಳೆದುಕೊಂಡ. ಕೆಲಸವಿಲ್ಲದ ಪೊಜ್ಜೊ ಮಠಗಳ ಗ್ರಂಥಾಲಯ ಜಾಲಾಡಲು ಹೊರಟ. 1416ರಲ್ಲಿ ಈಗಿನ ಸ್ವಿಟ್ಜರ್ಲೆಂಡಿನ ಸಂಕ್ಟ್ ಗಾಲನ್ ಮಠದ ಗೋಪುರದ ಕತ್ತಲ ತಳದಲ್ಲಿ, ರೋಮನ್ ಭಾಷಣಕಲೆಯ ಗುರು ಕ್ವಿಂಟಿಲಿಯನ್‌ನ ಗ್ರಂಥದ ಪೂರ್ಣ ಪ್ರತಿ ಸಿಕ್ಕಿತು. 1417ರಲ್ಲಿ ಲುಕ್ರೀಷಿಯಸ್ ಕಾವ್ಯ. ಆ ಮೂಲ ಪ್ರತಿಯೂ ಪೊಜ್ಜೊ ತರಿಸಿದ ನಕಲೂ ಈಗ ಇಲ್ಲ. ಆ ನಕಲನ್ನು ನೋಡಿ ಅವನ ಗೆಳೆಯ ನಿಕೊಲೊ ನಿಕೊಲಿ ಬರೆದುಕೊಂಡ ಪ್ರತಿ ಉಳಿದಿದೆ. ಒಬ್ಬ ಗೆಳೆಯ ಕೂತು ನಕಲು ಮಾಡಿದ್ದರಿಂದ ಆ ಕಾವ್ಯ ಎಷ್ಟೆಲ್ಲ ಕೈಗಳಿಗೆ ದಾಟಿತು ಅಂತ ಯೋಚಿಸಿದರೆ ನನಗೆ ಕಣ್ಣು ತುಂಬುತ್ತದೆ. ಪ್ರತಿ ಪದವನ್ನೂ ಕೈಯಲ್ಲಿ ಬರೆದಾಗ ಓದು ತಾನಾಗೇ ನಿಧಾನವಾಗುತ್ತದೆ, ಮೂಲದಲ್ಲಿ ಎಲ್ಲಿ ತಪ್ಪಿದೆ ಅನ್ನುವುದು ಹೊಳೆಯುತ್ತದೆ. ಎರಡು ಪ್ರತಿ ಹೋಲಿಸಿ ಪಾಠ ಸರಿಪಡಿಸುವ ಆ ಕಾಲದ ವಿದ್ವತ್ತು ಬೆಳೆದದ್ದು ಇಂಥ ಮೇಜುಗಳ ಮೇಲೆಯೇ ಅಂತ ನಾನು ನಂಬಿದ್ದೇನೆ. 1440ರಲ್ಲಿ ವಿದ್ವಾಂಸ ಲೊರೆಂಜೊ ವಲ್ಲಾ, ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಪೋಪರಿಗೆ ಕೊಟ್ಟ ಅಂತ ಹೇಳಲಾಗುತ್ತಿದ್ದ ದಾನಪತ್ರ ಖೋಟಾ ಅಂತ ಅದರ ಲ್ಯಾಟಿನ್ ನೋಡಿಯೇ ತೋರಿಸಿಕೊಟ್ಟ. ಅಂಥ ಕಣ್ಣು ಪದಪದವನ್ನೂ ತೂಗಿ ಓದಿದವರಿಗೇ ಬರುವುದು, ಅಲ್ವಾ?

ನಿಕೊಲಿ ವೇಗವಾಗಿ ಬರೆಯುತ್ತಿದ್ದ, ಅಕ್ಷರ ಬಲಕ್ಕೆ ಓರೆಯಾಗಿ ಕೂಡಿಕೊಂಡು ಹೋಗುತ್ತಿತ್ತು. ಮುಂದೆ ಇಟಾಲಿಕ್ ಆದದ್ದು ಆ ಬಗೆ. 1437ರಲ್ಲಿ ಅವನು ತೀರಿಕೊಂಡ ಮೇಲೆ ಅವನ ಪುಸ್ತಕಗಳು ಫ್ಲಾರೆನ್ಸಿನ ಸಿರಿವಂತ ಬ್ಯಾಂಕರ್ ಕೊಸಿಮೊ ಮೆಡಿಚಿಯ ನೆರವಿನಿಂದ ಸಾನ್ ಮಾರ್ಕೊ ಮಠದ ಗ್ರಂಥಾಲಯಕ್ಕೆ ಸೇರಿ, ಓದುವವರಿಗೆಲ್ಲ ಸಿಗುವಂತಾದವು. ಪುಸ್ತಕ ವ್ಯಾಪಾರಿ ವೆಸ್ಪಸಿಯಾನೊ ಕೊಸಿಮೊಗಾಗಿ 45 ಲಿಪಿಕಾರರನ್ನು ಇಟ್ಟುಕೊಂಡು 22 ತಿಂಗಳಲ್ಲಿ 200 ಪುಸ್ತಕ ಬರೆಸಿದ್ದಾಗಿ ಹೇಳಿಕೊಂಡಿದ್ದಾನೆ. ಗರಿ ಹಿಡಿದು ಒಂದು ಪುಟ ಮುಗಿಸಿದವರಿಗೆ ಆ ಸಂಖ್ಯೆಯ ಭಾರ ಗೊತ್ತಾಗುತ್ತದೆ. ಆಮೇಲೆ ಅಚ್ಚು ಬಂತು. 1470ರಲ್ಲಿ ವೆನಿಸ್‌ನಲ್ಲಿ ನಿಕೊಲಾ ಜೆನ್ಸನ್ ಈ ಲಿಪಿಯನ್ನೇ ಸೀಸದ ಮೊಳೆಗೆ ಇಳಿಸಿದ. 1501ರಲ್ಲಿ ಆಲ್ಡಸ್ ಮನೂಷಿಯಸ್ ಇಟಾಲಿಕ್‌ನಲ್ಲಿ ಕೈಯಲ್ಲಿ ಹಿಡಿಯುವಷ್ಟು ಸಣ್ಣ ವರ್ಜಿಲ್ ಪುಸ್ತಕ ಅಚ್ಚು ಹಾಕಿದ.

ಕಲಿಯಬೇಕು ಅನ್ನುವವರು ಗರಿಯಿಂದ ಶುರು ಮಾಡಬೇಡಿ. ಎರಡು ಮಿಲಿಮೀಟರ್ ಅಗಲದ ಚಪ್ಪಟೆ ನಿಬ್ಬು ಸಾಕು. ಪುಸ್ತಕದಲ್ಲಿ ಅಚ್ಚಾದ ಮಾದರಿ ನೋಡುವುದಕ್ಕಿಂತ ಲಾರೆಂಜಿಯಾನ, ವ್ಯಾಟಿಕನ್ ಗ್ರಂಥಾಲಯಗಳು ಇಂಟರ್ನೆಟ್ಟಿಗೆ ಹಾಕಿರುವ ಹಸ್ತಪ್ರತಿ ಪುಟಗಳನ್ನೇ ದೊಡ್ಡದು ಮಾಡಿ ನೋಡಿ. ಗರಿ ಎಲ್ಲಿ ಇಳಿಯಿತು, ಎಲ್ಲಿ ಎದ್ದಿತು ಅನ್ನುವುದು ಮಸಿಯ ದಪ್ಪ–ತೆಳುವಿನಲ್ಲೇ ಕಾಣುತ್ತದೆ. ಮೊದಲು ಐ, ಎನ್, ಎಮ್, ಯು. ಆಮೇಲೆ ಓ, ಸಿ, ಇ, ಡಿ. ಜಿ ಅಕ್ಷರವನ್ನು ಕೊನೆಗೆ ಇಟ್ಟುಕೊಳ್ಳಿ. ಅದಕ್ಕೆ ಮೇಲೊಂದು, ಕೆಳಗೊಂದು ಹೊಟ್ಟೆ, ನಡುವೆ ಒಂದು ಕತ್ತು. ಮೇಲಿನ ಹೊಟ್ಟೆಯನ್ನು ಓಗಿಂತ ಚಿಕ್ಕದಾಗಿ ಬರೆದರೆ ಕೆಳಗಿನದಕ್ಕೆ ಜಾಗ ಸಿಗುತ್ತದೆ.