ಜಿಪ್ಸಿ ಲಿಫ್ಟ್ ಮಾಡ್ಸಿದೀರಾ? ಶಾಕ್ ಅಬ್ಸಾರ್ಬರ್ ತಗೊಳ್ಳೋ ಮುಂಚೆ ಟೇಪ್ ಹಿಡೀರಿ

ನಮ್ಮ ಚಿಕ್ಕಮಗಳೂರು ಕಡೆ ತೋಟಕ್ಕೆ ಜಿಪ್ಸಿ ಇಟ್ಕೊಂಡಿರೋರು ಎರಡಿಂಚು ಲಿಫ್ಟ್ ಮಾಡಿಸ್ತಾರೆ, ಅಂದ್ರೆ ಗಾಡಿ ಎತ್ತರಿಸ್ತಾರೆ, ಶಾಕ್ (ಕುಲುಕಾಟ ತಡೆಯೋ ಶಾಕ್ ಅಬ್ಸಾರ್ಬರ್) ಮಾತ್ರ ಹಳೇದೇ. ನಾನೂ ಹಂಗೇ ಬಿಟ್ಟಿದ್ದೆ, ಮಾಣಿಕ್ಯಧಾರಾ ಕಡೆ ಒಂದು ಕೊರಕಲಲ್ಲಿ ಹಿಂದಿನ ಚಕ್ರ ಇಳೀತು, ಶಾಕಿನ ಉದ್ದ ಸಾಲದೆ ಟಣ್ ಅಂತು, ನೋಡಿದ್ರೆ ಅದರ ಕೆಳಗಿನ ಬುಷ್ (ಬೋಲ್ಟ್ ಕೂರೋ ರಬ್ಬರ್ ಬಳೆ) ಹರಿದು ರಬ್ಬರ್ ಆಚೆ ಬಂದು ಶಾಕ್ ಮೈಯೆಲ್ಲ ಎಣ್ಣೆ.

ಎರಡಿಂಚು ಲಿಫ್ಟಿಗೆ ಎರಡಿಂಚು ಉದ್ದದ್ದು ಹಾಕಿದ್ರಾಯ್ತು ಅಂತಾರೆ, ನಂಬ್ಬೇಡಿ. ಚಾಸಿಗೆ ಸ್ಟ್ಯಾಂಡ್ ಕೊಟ್ಟು, ಹಳೇ ಶಾಕ್ ಬಿಚ್ಚಿ (ಅದಿದ್ರೆ ಆಕ್ಸಲ್, ಅಂದ್ರೆ ಚಕ್ರದ ಅಚ್ಚು, ಪೂರ್ತಿ ಇಳಿಯಲ್ಲ), ಚಕ್ರ ತೂಗೋಕೆ ಬಿಟ್ಟು ಶಾಕ್ ಕೂರೋ ಮೇಲಿನ ಬೋಲ್ಟಿಂದ ಕೆಳಗಿನ ಬೋಲ್ಟಿಗೆ ಅಳೀರಿ. ಶಾಕ್ ಪೂರ್ತಿ ಎಳೆದಾಗಿನ ಉದ್ದ ಇದಕ್ಕಿಂತ ಒಂಚೂರು ಜಾಸ್ತಿ ಇರ್ಲಿ. ಹಂಗೇ ಬ್ರೇಕ್ ಹೋಸ್ (ಬ್ರೇಕ್ ಎಣ್ಣೆ ಪೈಪು) ಎಳೆದು ಬಿಗಿಯಾಗಿಬಿಟ್ಟಿದ್ಯಾ ನೋಡಿ, ಇದನ್ನ ಎಲ್ರೂ ಮರೀತಾರೆ.

ಆಮೇಲೆ ಆಕ್ಸಲ್ಲು ಮೇಲೆದ್ದು ಬಂಪ್ ಸ್ಟಾಪಿಗೆ (ಅದನ್ನ ತಡೆಯೋ ಚಾಸಿಯ ರಬ್ಬರ್ ತುಂಡು) ತಾಗಿದಾಗಿನ ಅಳತೆ. ಒತ್ತಿದಾಗ ಶಾಕ್ ಇದಕ್ಕಿಂತ ಅರ್ಧ ಇಂಚಾದ್ರೂ ಗಿಡ್ಡ ಆಗ್ಬೇಕು, ಇಲ್ಲಾಂದ್ರೆ ರಬ್ಬರ್ ತಿನ್ಬೇಕಾದ ಏಟನ್ನ ಶಾಕೇ ತಿನ್ನುತ್ತೆ. ಬರೀ ಉದ್ದ ನೋಡಿ ತಂದೋರು ಸಿಕ್ಕಿಬೀಳೋದು ಇಲ್ಲೇ.

ಶಾಕ್ ಮೋನೋಟ್ಯೂಬಾ (ಒಂದೇ ಕೊಳವೆದು) ಟ್ವಿನ್ ಟ್ಯೂಬಾ (ಒಂದರೊಳಗೊಂದು ಎರಡು ಕೊಳವೆದು)? ಕಲ್ಲುದಾರೀಲಿ ಗಂಟೆಗಟ್ಟಲೆ ಓಡ್ಸೋರಿಗೆ ಮೋನೋಟ್ಯೂಬ್ ಬೇಗ ತಣಿಯುತ್ತೆ, ಆದ್ರೆ ಕಲ್ಲು ಹೊಡೆದು ಜೋರಾಗಿ ನೆಗ್ಗಿದ್ರೆ ಪಿಸ್ಟನ್ನೇ ಹಿಡ್ಕೊಳುತ್ತೆ. ತೋಟಕ್ಕೂ ಪೇಟೆಗೂ ಓಡಾಡೋರಿಗೆ ಟ್ವಿನ್ ಟ್ಯೂಬ್ ಧಾರಾಳ ಸಾಕು, ದುಡ್ಡೂ ಉಳಿಯುತ್ತೆ. ಬುಷ್ ಸೈಜು ನೋಡೋಕೆ ಹಳೇ ಶಾಕನ್ನ ಅಂಗಡಿಗೇ ತಗೊಂಡೋಗಿ.