ಟಿಕೆಟ್ ಇಲ್ಲದೆ ರೈಲು ಹತ್ತಿದರೆ ದಂಡದ ಲೆಕ್ಕ ಎಲ್ಲಿಂದ ಶುರು?

ಹುಬ್ಬಳ್ಳಿಯಿಂದ ಧಾರವಾಡಕ್ಕೆ ರೈಲಿನಲ್ಲಿ ಸುಮಾರು 20 ಕಿ.ಮೀ. ಪ್ಯಾಸೆಂಜರ್ ಗಾಡಿಗೆ 10 ರೂಪಾಯಿ, ಎಕ್ಸ್‌ಪ್ರೆಸ್‌ಗೆ 30 ರೂಪಾಯಿ. ಇಷ್ಟಕ್ಕಾಗಿ ಪಾಳಿ ಹಚ್ಚುವುದೇಕೆ ಎಂದು ಹಾಗೇ ಎಕ್ಸ್‌ಪ್ರೆಸ್ ಹತ್ತಿದವರು ಸಿಕ್ಕಿಬಿದ್ದರೆ ಕೊಡಬೇಕಾದದ್ದು ಕನಿಷ್ಠ 280 ರೂಪಾಯಿ. ಎಲ್ಲಿ ಹತ್ತಿದಿರಿ ಎಂಬುದಕ್ಕೆ ಪುರಾವೆ ಇಲ್ಲದಿದ್ದರೆ ಮೊತ್ತ ಇನ್ನೂ ಏರುತ್ತದೆ.

ಮೊದಲು ಲೆಕ್ಕ ತಿಳಿಯಿರಿ

1989ರ ರೈಲ್ವೆ ಕಾಯ್ದೆಯ 138ನೇ ಕಲಂ ಪ್ರಕಾರ ಪ್ರಯಾಣ ದರದ ಜೊತೆಗೆ ಹೆಚ್ಚುವರಿ ಶುಲ್ಕ ಕಟ್ಟಬೇಕು. ಈ ಶುಲ್ಕ 250 ರೂಪಾಯಿ ಅಥವಾ ಪ್ರಯಾಣ ದರದಷ್ಟೇ ಮೊತ್ತ, ಎರಡರಲ್ಲಿ ಯಾವುದು ಹೆಚ್ಚೋ ಅದು. ದರ 30 ಇದ್ದರೆ ಒಟ್ಟು 280. ದರ 400 ಇದ್ದರೆ ಒಟ್ಟು 800.

ಬಹಳ ಜನ ಎಡವುವುದು ದರದ ಲೆಕ್ಕದಲ್ಲಿ. ಎಲ್ಲಿ ಹತ್ತಿದ್ದೀರಿ ಎಂಬ ಬಗ್ಗೆ ಸಂಶಯವಿದ್ದರೆ, ಗಾಡಿ ಹೊರಟ ಮೂಲ ನಿಲ್ದಾಣದಿಂದ ಅಥವಾ ದಾರಿಯಲ್ಲಿ ಕೊನೆಯ ಬಾರಿ ಟಿಕೆಟ್ ತಪಾಸಣೆ ನಡೆದ ಜಾಗದಿಂದ ದರ ಹಾಕಲು ಕಾನೂನಿನಲ್ಲಿ ಅವಕಾಶವಿದೆ. ಬೆಂಗಳೂರಿನಿಂದ ಬರುವ ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್‌ಗೆ ಹಾವೇರಿಯಲ್ಲಿ ಹತ್ತಿ ಹುಬ್ಬಳ್ಳಿಯಲ್ಲಿ ಸಿಕ್ಕವರು ಬೆಂಗಳೂರಿನಿಂದಲೇ ದರ ತೆರಬೇಕಾಗಬಹುದು. 10 ರೂಪಾಯಿಯ ಪ್ಲಾಟ್‌ಫಾರ್ಮ್ ಟಿಕೆಟ್ ಕೈಯಲ್ಲಿದ್ದರೆ ಹತ್ತಿದ ಊರು ಯಾವುದೆಂಬುದಕ್ಕೆ ಅದೇ ಆಧಾರ. ಆದರೆ ಅದು ಪ್ರಯಾಣದ ಟಿಕೆಟ್ ಅಲ್ಲ, ಹೆಚ್ಚುವರಿ ಶುಲ್ಕ ತಪ್ಪದು.

ಗಾಡಿ ಹೊರಡುತ್ತಿದೆ, ಟಿಕೆಟ್ ಸಿಕ್ಕಿಲ್ಲ ಎಂದಾದರೆ

ಹತ್ತುವ ಮುನ್ನ ಗಾರ್ಡ್ ಅಥವಾ ಟಿಟಿಇಯನ್ನು (ಗಾಡಿಯಲ್ಲಿ ಟಿಕೆಟ್ ತಪಾಸಣೆ ಮಾಡುವವರು) ಕಂಡು ಅನುಮತಿ ಕೇಳಿ. ಅನುಮತಿ ಕೊಟ್ಟರೆ 55ನೇ ಕಲಂ ಅಡಿ ಪ್ರಮಾಣಪತ್ರ ಪಡೆಯಿರಿ. ಅದು ಕೈಯಲ್ಲಿದ್ದರೆ ದರವಷ್ಟೇ ಕಟ್ಟಿದರೆ ಸಾಕು, ಹೆಚ್ಚುವರಿ ಶುಲ್ಕವಿಲ್ಲ. ಕಾನೂನು ಕೊಟ್ಟ ಈ ಅನುಕೂಲವನ್ನು ಬಳಸುವವರು ಬಹಳ ಕಡಿಮೆ, ಕೇಳಲು ಸಂಕೋಚ ಬೇಡ. ಅನುಮತಿ ಕೇಳುವಷ್ಟೂ ವೇಳೆ ಇಲ್ಲದೆ ಹತ್ತಿಬಿಟ್ಟಿದ್ದರೆ, ತಪಾಸಣೆ ಬರುವ ತನಕ ಕಾಯದೆ ನೀವಾಗಿಯೇ ಟಿಟಿಇ ಬಳಿ ಹೋಗಿ ಹೇಳಿ. ಶೌಚಾಲಯದಲ್ಲಿ ಅಡಗುವುದು, ಬೇರೆಯವರ ಟಿಕೆಟ್ ತೋರಿಸುವುದು ಮೋಸದ ಪ್ರಯಾಣ ಎನಿಸಿಕೊಳ್ಳಬಹುದು. ಅದಕ್ಕೆ 137ನೇ ಕಲಂ ಇದೆ: ಆರು ತಿಂಗಳವರೆಗೆ ಜೈಲು, 1,000 ರೂಪಾಯಿವರೆಗೆ ದಂಡ ಅಥವಾ ಎರಡೂ. ವಿಶೇಷ ಕಾರಣವಿಲ್ಲದಿದ್ದರೆ ನ್ಯಾಯಾಲಯ 500 ರೂಪಾಯಿಗಿಂತ ಕಡಿಮೆ ದಂಡ ಹಾಕುವಂತಿಲ್ಲ.

ಟಿಕೆಟ್ ಇದ್ದರೂ ಸಿಕ್ಕಿಬೀಳುವುದು ಹೀಗೆ

ಧಾರವಾಡ, ಗದಗ ಕಡೆ ದಿನಾ ಓಡಾಡುವವರು ಇದನ್ನು ಗಮನಿಸಲೇಬೇಕು. ಪ್ಯಾಸೆಂಜರ್ ಟಿಕೆಟ್ ಹಿಡಿದು ಎಕ್ಸ್‌ಪ್ರೆಸ್ ಹತ್ತುವಂತಿಲ್ಲ. ಸೂಪರ್‌ಫಾಸ್ಟ್ ಗಾಡಿಯಾದರೆ ಎರಡನೇ ದರ್ಜೆಗೆ 15 ರೂಪಾಯಿ ಸರ್‌ಚಾರ್ಜ್ ಬೇರೆ. 199 ಕಿ.ಮೀ.ವರೆಗಿನ ಜನರಲ್ ಟಿಕೆಟ್ ಪಡೆದ ಮೂರು ಗಂಟೆಯೊಳಗೆ ಅಥವಾ ಆ ಊರಿಗೆ ಹೊರಡುವ ಮೊದಲ ಗಾಡಿಗೆ ಹೊರಡಬೇಕು. ಎರಡರಲ್ಲಿ ಯಾವುದು ತಡವೋ ಅದೇ ಮಿತಿ. ಬೆಳಿಗ್ಗೆ ತೆಗೆದಿಟ್ಟ ಹುಬ್ಬಳ್ಳಿ–ಗದಗ ಟಿಕೆಟ್ ಸಂಜೆಗೆ ನಡೆಯದು.

ಆ್ಯಪ್‌ನಲ್ಲಿ ತೆಗೆದ ಜನರಲ್ ಟಿಕೆಟ್ ಆ್ಯಪ್‌ನಲ್ಲೇ ತೆರೆದು ತೋರಿಸಬೇಕು. ಸ್ಕ್ರೀನ್‌ಶಾಟ್ ನಡೆಯದು, ಚಾರ್ಜ್ ಮುಗಿದರೆ ತೋರಿಸಲು ಏನೂ ಉಳಿಯದು. ಸೀಟು ಹಂಚಿಕೆಯ ಚಾರ್ಟ್ ಆದ ಮೇಲೂ ಎಲ್ಲ ಹೆಸರೂ ವೇಟಿಂಗ್‌ನಲ್ಲೇ ಉಳಿದ ಇ-ಟಿಕೆಟ್ ತಾನಾಗಿಯೇ ರದ್ದಾಗುತ್ತದೆ, ಅದನ್ನು ಹಿಡಿದು ಹತ್ತಿದರೆ ಟಿಕೆಟ್ ಇಲ್ಲದವರ ಲೆಕ್ಕವೇ.

ಕಟ್ಟುವಾಗ

ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಅದರಲ್ಲಿ ಎಲ್ಲಿಂದ ಎಲ್ಲಿಗೆ, ದರ ಎಷ್ಟು, ಹೆಚ್ಚುವರಿ ಶುಲ್ಕ ಎಷ್ಟು ಎಂಬುದನ್ನು ಅಲ್ಲೇ ಓದಿ ನೋಡಿ. ಉಳಿದ ದಾರಿಗೆ ಅದೇ ನಿಮ್ಮ ಟಿಕೆಟ್. ಲೆಕ್ಕ ತಪ್ಪೆನಿಸಿದರೆ ಜಗಳಕ್ಕಿಳಿಯದೆ ಗಾಡಿ ಸಂಖ್ಯೆ, ರಸೀದಿ ಸಂಖ್ಯೆ ಬರೆದುಕೊಂಡು ರೈಲ್ವೆ ಸಹಾಯವಾಣಿ 139ಕ್ಕೆ ದೂರು ಕೊಡಿ.

ಕಟ್ಟಲು ಆಗದವರ, ಒಪ್ಪದವರ ವಿಷಯ ಮ್ಯಾಜಿಸ್ಟ್ರೇಟ್ ಮುಂದೆ ಹೋಗುತ್ತದೆ. ಅಲ್ಲಿಯೂ ಕಟ್ಟದಿದ್ದರೆ 10 ದಿನದಿಂದ ಒಂದು ತಿಂಗಳವರೆಗೆ ಜೈಲು. ಗಾಡಿಯಿಂದ ಇಳಿಸುವ ಅಧಿಕಾರವೂ ಸಿಬ್ಬಂದಿಗಿದೆ. ಆದರೆ ಜೊತೆಗೆ ಗಂಡಸರಿಲ್ಲದ ಮಹಿಳೆ ಅಥವಾ ಮಗುವನ್ನು ಎಲ್ಲೆಂದರಲ್ಲಿ ಇಳಿಸುವಂತಿಲ್ಲ. ಹತ್ತಿದ ನಿಲ್ದಾಣ, ಜಂಕ್ಷನ್, ಕೊನೆಯ ನಿಲ್ದಾಣ ಅಥವಾ ಜಿಲ್ಲಾ ಕೇಂದ್ರದಲ್ಲಿ, ಅದೂ ಹಗಲಿನಲ್ಲಿ ಮಾತ್ರ. ರಾತ್ರಿ ಗಾಡಿಯಲ್ಲಿ ಇಂಥವರನ್ನು ಯಾರಾದರೂ ಇಳಿಯಲು ಒತ್ತಾಯಿಸಿದರೆ ರೈಲ್ವೆ ಕಾಯ್ದೆಯ 139ನೇ ಕಲಂ ಹೆಸರಿಟ್ಟು ಹೇಳಿ.